ಸೀಸೆಯ ದೈತ್ಯನನ್ನು ಗೆದ್ದ ಕಾರಾಪುರದ ಬಾಲಕ

ಬೆಂಗ್ರೆ (ಮಂಗಳೂರು): ಒಂದು ಬದಿಯಲ್ಲಿ ಫಲ್ಗುಣಿ ನದಿ, ಇನ್ನೊಂದು ಬದಿಯಲ್ಲಿ ಅರಬ್ಬೀ ಸಮುದ್ರ. ನಡುವೆ ಉದ್ದಕ್ಕೆ ಚಾಚಿಕೊಂಡ ಮರಳ ಪಟ್ಟಿಯೇ ಬೆಂಗ್ರೆ. ಬಂದರಿನಿಂದ ದೋಣಿ ಹತ್ತಿದರೆ ಕೆಲವೇ ನಿಮಿಷಗಳ ಪಯಣ. ಅಳಿವೆ ಬಾಗಿಲಿನಿಂದ ಬೋಟುಗಳು ಹೊರಡುವುದನ್ನು, ಮರಳುವುದನ್ನು ಇಲ್ಲಿನ ಮಕ್ಕಳು ಕಣ್ಣು ಬಿಟ್ಟಂದಿನಿಂದಲೂ ನೋಡುತ್ತ ಬೆಳೆಯುತ್ತಾರೆ. ಮಳೆಗಾಲದ ಅಬ್ಬರ ಇಳಿದ ಬಳಿಕ ಕಡಲು ದಡಕ್ಕೆ ಎಸೆದುಹೋಗುವ ವಸ್ತುಗಳಿಗೆ ಲೆಕ್ಕವಿಲ್ಲ. ಹರಿದ ಬಲೆ, ಮುರಿದ ಹಲಗೆ, ತೆಂಗಿನ ಕಾಯಿ, ಎಲ್ಲಿಂದಲೋ ತೇಲಿ ಬಂದ ಖಾಲಿ ಸೀಸೆ.

ಇಂತಹ ಸೀಸೆಯೊಂದರ ಕಥೆಯನ್ನು ಈ ಕಡಲಿನ ಆಚೆಯ ದಡದವರು ಶತಮಾನಗಳ ಹಿಂದೆಯೇ ಹೇಳಿದ್ದರು. ಅರೇಬಿಯನ್ ಇರುಳುಗಳ ಕಥಾಮಾಲೆಯಲ್ಲಿ ಬಡ ಬೆಸ್ತನೊಬ್ಬನ ಬಲೆಗೆ ಮೀನಿನ ಬದಲು ಮುದ್ರೆಯೊತ್ತಿದ ಹಿತ್ತಾಳೆಯ ಪಾತ್ರೆ ಸಿಲುಕುತ್ತದೆ. ಮುಚ್ಚಳ ತೆಗೆದೊಡನೆ ಹೊಗೆ ಏಳುತ್ತದೆ. ಹೊಗೆ ಮುಗಿಲೆತ್ತರದ ದೈತ್ಯನಾಗುತ್ತದೆ. ಬಿಡಿಸಿದವನನ್ನೇ ಕೊಲ್ಲುವೆನೆಂದು ಅವನು ಅಬ್ಬರಿಸುತ್ತಾನೆ. ಬೆಸ್ತ ಬುದ್ಧಿಯಿಂದ ಬದುಕುತ್ತಾನೆ.

ಈ ಕಥೆ 1940ರಲ್ಲಿ ಬೆಳ್ಳಿತೆರೆಗೆ ಬಂದಾಗ ಬೆಸ್ತನ ಸ್ಥಾನದಲ್ಲಿ ನಿಂತವನು ಒಬ್ಬ ಹದಿಹರೆಯದ ಹುಡುಗ. ಸೊಂಟಕ್ಕೊಂದು ತುಂಡು ಬಟ್ಟೆ, ಮುಖದ ತುಂಬ ನಗು. ದೈತ್ಯನ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಆ ಹುಡುಗ ಬಾಗ್ದಾದಿನವನಲ್ಲ, ಬಸ್ರಾದವನೂ ಅಲ್ಲ. ಅವನು ನಮ್ಮ ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯ ಕಾಡಂಚಿನ ಕಾರಾಪುರದವನು. ಹೆಸರು ಸಾಬು.

'ದಿ ಥೀಫ್ ಆಫ್ ಬಾಗ್ದಾದ್' ಎಂಬ ಆ ಚಿತ್ರಕ್ಕೆ ಎಂಟು ದಶಕಗಳಿಗೂ ಮೀರಿದ ವಯಸ್ಸಾಗಿದೆ. ಗಣಕಯಂತ್ರದ ಒಂದು ಗುಂಡಿ ಒತ್ತಿ ನೂರು ದೈತ್ಯರನ್ನು ಸೃಷ್ಟಿಸಬಲ್ಲ ಈ ಕಾಲದಲ್ಲೂ ಅದರ ಸೀಸೆಯ ದೈತ್ಯ ಮಾಸಿಲ್ಲ. ಆದರೆ ದೈತ್ಯನ ಎದುರು ನಿಂತ ಕನ್ನಡ ನಾಡಿನ ಹುಡುಗನ ಬದುಕು ಅವನ ನಾಡಿನಲ್ಲೇ ಬಹುಪಾಲು ಮರೆತುಹೋಗಿದೆ.

ಗಜಶಾಲೆಯ ಅನಾಥ

ಸಾಬು ಹುಟ್ಟಿದ್ದು 1924ರ ಜನವರಿ 27ರಂದು. ತಂದೆ ಮೈಸೂರು ಅರಸರ ಸೇವೆಯಲ್ಲಿದ್ದ ಮಾವುತ. ಕಬಿನಿ ತೀರದ ಕಾರಾಪುರ, ಕಾಕನಕೋಟೆಗಳ ಕಾಡು ಆಗ ಖೆಡ್ಡಾ ಕಾರ್ಯಾಚರಣೆಗೆ ಜಗತ್ತಿನಲ್ಲೇ ಹೆಸರಾಗಿತ್ತು. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಪಳಗಿದ ಆನೆಗಳ ನೆರವಿನಿಂದ ಬೃಹತ್ ದೊಡ್ಡಿಗೆ ಅಟ್ಟುವ ಈ ಸಾಹಸವನ್ನು ನೋಡಲು ವೈಸರಾಯರುಗಳೇ ಬರುತ್ತಿದ್ದರು. ಅವರಿಗೆ ಅದು ಎರಡು ದಿನಗಳ ವಿನೋದ. ಮಾವುತರ ಕುಟುಂಬಗಳಿಗೆ ಅದೇ ಅನ್ನ, ಅದೇ ಅಪಾಯ.

ತಾಯಿಯ ಮುಖ ನೆನಪಿನಲ್ಲಿ ಉಳಿಯುವ ಮೊದಲೇ ಆಕೆ ತೀರಿಕೊಂಡಳು. ತಂದೆಯೂ ಬಾಲ್ಯದಲ್ಲೇ ಇಲ್ಲವಾದ. ಅಣ್ಣನೊಬ್ಬನನ್ನು ಬಿಟ್ಟರೆ ತನ್ನವರೆಂಬವರಿಲ್ಲದ ಹುಡುಗನಿಗೆ ಆಸರೆಯಾದದ್ದು ಅರಮನೆಯ ಗಜಶಾಲೆ. ಆನೆಗೆ ಸೊಪ್ಪು ಹಾಕುವುದು, ನೀರಿಗಿಳಿಸಿ ಮೈ ಉಜ್ಜುವುದು, ಕಿವಿಯ ಹಿಂದೆ ಕಾಲೊತ್ತಿ ಅದನ್ನು ನಡೆಸುವುದು ಅವನ ಪಾಠಗಳಾದವು. ತನಗಿಂತ ನೂರು ಪಟ್ಟು ತೂಕದ ಜೀವಿಯ ಎದುರು ಅಂಜದೆ ನಿಲ್ಲುವ ವಿದ್ಯೆಯನ್ನು ಅವನು ಯಾವ ನಟನಾಶಾಲೆಯಲ್ಲೂ ಕಲಿಯಲಿಲ್ಲ.

ಕ್ಯಾಮೆರಾದ ಕಣ್ಣಿಗೆ

1935ರಲ್ಲಿ ಮೈಸೂರಿಗೆ ಒಂದು ಚಿತ್ರತಂಡ ಬಂದಿಳಿಯಿತು. ಅದರ ಮುಖ್ಯಸ್ಥ 'ನ್ಯಾನೂಕ್ ಆಫ್ ದಿ ನಾರ್ತ್' ಚಿತ್ರದಿಂದ ಖ್ಯಾತನಾಗಿದ್ದ, ಸಾಕ್ಷ್ಯಚಿತ್ರಗಳ ಆದ್ಯರಲ್ಲೊಬ್ಬನಾದ ರಾಬರ್ಟ್ ಫ್ಲಾಹರ್ಟಿ. ಹಣ ಹೂಡಿದ್ದವನು ಲಂಡನ್ನಿನಲ್ಲಿ ನೆಲೆಸಿದ್ದ ಹಂಗೆರಿಯ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ. ರಡ್ಯಾರ್ಡ್ ಕಿಪ್ಲಿಂಗ್ ಬರೆದ ಆನೆಯ ಹುಡುಗನ ಕಥೆಗೆ ತಕ್ಕ ಬಾಲಕನೊಬ್ಬ ಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಆನೆಗಳನ್ನೂ ಬೇಕಾದ ಸೌಕರ್ಯಗಳನ್ನೂ ಒದಗಿಸಿತು.

ಹುಡುಗನನ್ನು ಕಂಡುಹಿಡಿದ ಶ್ರೇಯ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್‌ಗೆ ಸಲ್ಲುತ್ತದೆ. ಗಜಶಾಲೆಯಲ್ಲಿ ಅವನ ಕಣ್ಣಿಗೆ ಬಿದ್ದ ಸಾಬು ಕ್ಯಾಮೆರಾದ ಮುಂದೆಯೂ ಆನೆಯ ಮುಂದೆ ಇರುವಷ್ಟೇ ನಿರಾಳವಾಗಿದ್ದ. ಅರಮನೆಯ ಭಾರಿ ಗಾತ್ರದ ಆನೆ ಐರಾವತ ಅವನ ಜೊತೆಗಾರನಾಗಿ ನಟಿಸಿತು. ತಿಂಗಳುಗಟ್ಟಲೆ ಚಿತ್ರೀಕರಣ ನಡೆಯಿತು. ಬಳಿಕ ಕೋರ್ಡಾನ ಸೋದರ ಜೋಲ್ಟಾನ್ ಕೋರ್ಡಾ ಉಳಿದ ದೃಶ್ಯಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಪೂರೈಸಿದ. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿ ಇಬ್ಬರು ನಿರ್ದೇಶಕರಿಗೂ ಸಂದಿತು. ಆದರೆ ಪ್ರೇಕ್ಷಕರು ಮನೆಗೆ ಕೊಂಡೊಯ್ದದ್ದು ಸಾಬುವಿನ ನಗುವನ್ನು.

ಈ ನಡುವೆ ಸಾಬು ಅಣ್ಣನೊಡನೆ ಸಮುದ್ರ ದಾಟಿ ಇಂಗ್ಲೆಂಡ್ ಸೇರಿದ್ದ. ಅಲ್ಲಿ ಶಾಲೆ, ಇಂಗ್ಲಿಷ್, ಬೂಟು, ಚಳಿ ಎಲ್ಲವೂ ಹೊಸತು. ಹೆಸರು ಕೂಡ ಅವನದಾಗಿ ಉಳಿಯಲಿಲ್ಲ. ಅಣ್ಣನ ಹೆಸರಾದ ದಸ್ತಗೀರ್ ಎಂಬುದು ಕಾಗದಪತ್ರಗಳಲ್ಲಿ ಅವನ ಕುಲನಾಮವಾಗಿ ಸೇರಿಕೊಂಡು, ಲೋಕಕ್ಕೆ ಅವನು ಸಾಬು ದಸ್ತಗೀರ್ ಆದ.

1938ರಲ್ಲಿ ಬಂದ 'ದಿ ಡ್ರಮ್' ಬೇರೊಂದು ಪಾಠ ಕಲಿಸಿತು. ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷರ ಪರ ನಿಲ್ಲುವ ರಾಜಕುಮಾರನ ಪಾತ್ರ ಅವನದು. ಸಾಮ್ರಾಜ್ಯವನ್ನು ಹೊಗಳುವ ಆ ಚಿತ್ರದ ವಿರುದ್ಧ ಮುಂಬಯಿಯಲ್ಲಿ ಉಗ್ರ ಪ್ರತಿಭಟನೆಗಳಾದವು. ಹದಿನಾಲ್ಕರ ಬಾಲಕನಿಗೆ ಪಾತ್ರವನ್ನು ಆರಿಸುವ ಅಧಿಕಾರವೂ ಇರಲಿಲ್ಲ, ನಿರಾಕರಿಸುವ ಅವಕಾಶವೂ ಇರಲಿಲ್ಲ. ಆದರೂ ತಾಯ್ನಾಡಿನ ಸಿಟ್ಟಿನ ಒಂದಂಶ ಅವನ ಮುಖಕ್ಕೂ ತಾಗಿತು.

ಬಾಗ್ದಾದಿನ ಕಳ್ಳ

ಸಾಬು ಹುಟ್ಟಿದ ವರ್ಷವೇ, ಅಂದರೆ 1924ರಲ್ಲಿ, ಡಗ್ಲಸ್ ಫೇರ್‌ಬ್ಯಾಂಕ್ಸ್ ನಾಯಕನಾದ 'ದಿ ಥೀಫ್ ಆಫ್ ಬಾಗ್ದಾದ್' ಮೂಕಿ ಚಿತ್ರ ಬಂದಿತ್ತು. ಅದೇ ಶೀರ್ಷಿಕೆಯಲ್ಲಿ ಬಣ್ಣದ ಹೊಸ ಚಿತ್ರವನ್ನು ತೆಗೆಯಲು ಅಲೆಕ್ಸಾಂಡರ್ ಕೋರ್ಡಾ ನಿರ್ಧರಿಸಿದ. ಈ ಬಾರಿ ಕಳ್ಳ ಪ್ರಣಯನಾಯಕನಲ್ಲ. ಅಬು ಎಂಬ ಪೋರ. ಪಾತ್ರ ಸಾಬುವಿನದಾಯಿತು.

ಚಿತ್ರಕ್ಕೆ ಒಬ್ಬ ನಿರ್ದೇಶಕ ಸಾಲಲಿಲ್ಲ. ಲುಡ್ವಿಗ್ ಬರ್ಗರ್, ಮೈಕೆಲ್ ಪೊವೆಲ್, ಟಿಮ್ ವ್ಹೀಲನ್ ಎಂಬ ಮೂವರ ಹೆಸರುಗಳು ತೆರೆಯ ಮೇಲಿವೆ; ತೆರೆಯ ಹಿಂದೆ ಕೋರ್ಡಾ ಸೋದರರೂ ಕೈಹಾಕಿದ್ದರು. ಚಿತ್ರೀಕರಣದ ನಡುವೆಯೇ 1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು. ತಂಡ ಗಂಟುಮೂಟೆ ಕಟ್ಟಿ ಅಮೆರಿಕಕ್ಕೆ ಹೋಯಿತು. ಬಾಗ್ದಾದಿನ ಕಥೆಯ ಒಂದು ಭಾಗ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಚಿತ್ರಿತವಾದದ್ದು ಹೀಗೆ.

ದುಷ್ಟ ಮಂತ್ರಿ ಜಾಫರ್‌ನ ಪಾತ್ರದಲ್ಲಿದ್ದವನು ಜರ್ಮನಿಯ ಕಾನ್ರಾಡ್ ವೈಟ್. ಭಯಾನಕ ಚಿತ್ರಗಳ ಮೂಲಪುರುಷರಲ್ಲಿ ಒಂದೆನಿಸಿದ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ'ಯಲ್ಲಿ, 1920ರಷ್ಟು ಹಿಂದೆಯೇ, ನಿದ್ದೆಯಲ್ಲಿ ನಡೆದು ಕೊಲೆ ಮಾಡುವವನಾಗಿ ಅವನು ಜನರನ್ನು ನಡುಗಿಸಿದ್ದ. ಹಿಟ್ಲರನ ಆಡಳಿತ ಬಂದಾಗ ಯಹೂದಿ ಪತ್ನಿಯೊಡನೆ ದೇಶ ತೊರೆದವನು. ಜೀನಿಯ ಪಾತ್ರ ವಹಿಸಿದವನು ಅಮೆರಿಕದ ಕರಿಯ ಜನಾಂಗದ ನಟ ರೆಕ್ಸ್ ಇಂಗ್ರಾಮ್. ಒಬ್ಬ ದೇಶಭ್ರಷ್ಟ, ಒಬ್ಬ ಗುಲಾಮರ ಸಂತತಿಯವನು, ಒಬ್ಬ ಮಾವುತನ ಮಗ. ಯುದ್ಧದ ಬೆಂಕಿ ಲೋಕವನ್ನು ಸುಡುತ್ತಿದ್ದಾಗ ಮಕ್ಕಳಿಗಾಗಿ ಒಂದು ಕಾಲ್ಪನಿಕ ನಗರವನ್ನು ಕಟ್ಟಿದವರು ಇವರು.

ದೈತ್ಯ ಹುಟ್ಟಿದ ಬಗೆ

ಹಡಗು ಒಡೆದು ನಿರ್ಜನ ಮರಳದಂಡೆಯಲ್ಲಿ ಕಣ್ಣು ತೆರೆಯುವ ಅಬುವಿಗೆ ಸೀಸೆಯೊಂದು ಸಿಗುತ್ತದೆ. ಬಿರಡೆ ಕಿತ್ತೊಡನೆ ಕಪ್ಪು ಹೊಗೆಯಿಂದ ಜೀನಿ ಎದ್ದು ನಿಂತು ಅಟ್ಟಹಾಸ ಮಾಡುತ್ತಾನೆ. ಸೊಲೊಮನ್ ದೊರೆಯ ಶಾಪದಿಂದ ಎರಡು ಸಾವಿರ ವರ್ಷ ಬಂದಿಯಾಗಿದ್ದ ಅವನ ಸಿಟ್ಟು, ಎದುರಿಗಿರುವ ಏಕಮಾತ್ರ ಜೀವದ ಮೇಲೆ ತಿರುಗುತ್ತದೆ. ಅವನ ಪಾದ ತಲೆಯ ಮೇಲೆ ಇಳಿಯುವ ಹೊತ್ತಿನಲ್ಲಿ ಹುಡುಗ ಒಂದು ಸಂಶಯ ಮುಂದಿಡುತ್ತಾನೆ: ಇಷ್ಟು ದೊಡ್ಡವನು ಇಷ್ಟು ಚಿಕ್ಕ ಸೀಸೆಯಲ್ಲಿ ಹಿಡಿಸುವುದುಂಟೇ? ತೋರಿಸಲೆಂದು ದೈತ್ಯ ಒಳಗೆ ಹೋಗುತ್ತಾನೆ, ಬಿರಡೆ ಬೀಳುತ್ತದೆ. ಮೂರು ವರಗಳ ಕರಾರಿನ ಮೇಲೆ ಬಿಡುಗಡೆ. ಹಸಿದ ಹುಡುಗ ಮೊದಲ ವರದಲ್ಲಿ ಬೇಡುವುದು ರಾಜ್ಯವನ್ನಲ್ಲ, ತಿನ್ನಲು ಬಿಸಿ ತಿನಿಸನ್ನು.

ಈ ದೃಶ್ಯವನ್ನು ಕಟ್ಟಿದ ಬಗೆ ಸ್ವಾರಸ್ಯಕರ. ಟೆಕ್ನಿಕಲರ್ ಕ್ಯಾಮೆರಾ ಕೆಂಪು, ಹಸಿರು, ನೀಲಿ ಬೆಳಕನ್ನು ಪ್ರತ್ಯೇಕ ಮೂರು ಫಿಲ್ಮ್‌ಗಳಲ್ಲಿ ದಾಖಲಿಸುತ್ತಿತ್ತು. ತಂತ್ರಜ್ಞ ಲಾರೆನ್ಸ್ ಬಟ್ಲರ್ ನಟನನ್ನು ನೀಲಿ ಹಿನ್ನೆಲೆಯ ಮುಂದೆ ನಿಲ್ಲಿಸಿದ. ಮನುಷ್ಯನ ಮೈಬಣ್ಣದಲ್ಲಿ ನೀಲಿಯ ಪ್ರಮಾಣ ಕಡಿಮೆ. ಹಾಗಾಗಿ ನೀಲಿಯ ಫಿಲ್ಮನ್ನು ಉಳಿದೆರಡರೊಡನೆ ಹೋಲಿಸಿ ನಟನ ಆಕೃತಿಯಷ್ಟನ್ನೇ ಕತ್ತರಿಸಿ ತೆಗೆಯುವ ಮುಸುಕನ್ನು ಸಿದ್ಧಪಡಿಸಬಹುದಿತ್ತು. ಆ ಆಕೃತಿಯನ್ನು ಬೇರೊಂದು ದೃಶ್ಯದ ಮೇಲೆ ಕೂರಿಸಿದರೆ ಸಾಮಾನ್ಯ ಗಾತ್ರದ ಇಂಗ್ರಾಮ್ ಬೆಟ್ಟದಷ್ಟು ದೊಡ್ಡವನಾಗುತ್ತಿದ್ದ. ಜೊತೆಗೆ ದೈತ್ಯನ ಅಂಗಾಂಗಗಳ ಬೃಹತ್ ಮಾದರಿಗಳು ಬಳಕೆಯಾದವು. ಇಂದು ದೂರದರ್ಶನದ ಹವಾಮಾನ ವಾರ್ತೆಯವರೆಗೂ ಹಬ್ಬಿರುವ ಬಣ್ಣದ ಪರದೆಯ ತಂತ್ರಕ್ಕೆ ಈ ಚಿತ್ರ ಹಾಕಿದ ಅಡಿಪಾಯ ದೊಡ್ಡದು.

ಜೀನಿಯ ಹೆಗಲೇರಿ ಹಾರುವ ಅಬು ದೇವಾಲಯವೊಂದರ ಮಹಾಮೂರ್ತಿಯೊಳಗೆ ನುಗ್ಗಿ, ದೈತ್ಯ ಜೇಡನೊಡನೆ ಹೋರಾಡಿ, ಸರ್ವವನ್ನೂ ಕಾಣಬಲ್ಲ ಮಣಿಯನ್ನು ಕದಿಯುತ್ತಾನೆ. ಇಂದಿನ ಕಣ್ಣಿಗೆ ಆ ಜೇಡ ಕೃತಕವೆಂದು ಗೊತ್ತಾಗುತ್ತದೆ. ಹುಡುಗನ ಉಸಿರುಗಟ್ಟಿದ ಏರಾಟ ಮಾತ್ರ ಕೃತಕವೆನಿಸುವುದಿಲ್ಲ. ಚಿತ್ರಕ್ಕೆ ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳು ದೊರೆತವು.

ಸಿದ್ಧ ಅಚ್ಚಿನಲ್ಲಿ

ಮುಂದಿನ ಹೆಜ್ಜೆ ಹಾಲಿವುಡ್. 1942ರಲ್ಲಿ ಜೋಲ್ಟಾನ್ ಕೋರ್ಡಾ ನಿರ್ದೇಶಿಸಿದ 'ಜಂಗಲ್ ಬುಕ್'ನಲ್ಲಿ ಸಾಬು ಮೌಗ್ಲಿಯಾದ. ಬಳಿಕ ಯೂನಿವರ್ಸಲ್ ಸಂಸ್ಥೆ ಅವನನ್ನು ಸೆಳೆಯಿತು. 1931ರಲ್ಲಿ 'ಡ್ರಾಕುಲಾ', 'ಫ್ರಾಂಕನ್‌ಸ್ಟೈನ್' ಚಿತ್ರಗಳನ್ನು ಕೊಟ್ಟ, ಭೀಕರ ಜೀವಿಗಳ ತವರೆನಿಸಿದ ಸಂಸ್ಥೆಯದು. ಅಲ್ಲಿ ಮರಿಯಾ ಮೊಂಟೆಸ್, ಜಾನ್ ಹಾಲ್ ಜೋಡಿಯೊಡನೆ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಎಂಬ ಬಣ್ಣಬಣ್ಣದ ಚಿತ್ರಗಳು ಬಂದವು. ಕೊನೆಯದರಲ್ಲಿ ತೋಳಮಾನವನಾಗಿ ಹೆಸರು ಮಾಡಿದ್ದ ಲಾನ್ ಚೇನಿ ಜೂನಿಯರ್ ಕೂಡ ಇದ್ದ.

ಹಣ ಬಂತು, ಹೆಸರೂ ಬಂತು. ಆದರೆ ಪಾತ್ರ ಬದಲಾಗಲಿಲ್ಲ. ಹುಡುಗ ಯುವಕನಾದರೂ ತೆರೆಯ ಮೇಲೆ ಅವನು ನಾಯಕನ ಗೆಳೆಯನಾಗಿ, ಅರೆಬೆತ್ತಲೆ ಓಡಾಡುವ ಪೂರ್ವದೇಶದ ಬಾಲಕನಾಗಿಯೇ ಉಳಿಯಬೇಕಿತ್ತು. ನಾಯಕಿಯ ಕೈಹಿಡಿಯುವ ಪಾತ್ರ ಅವನ ಮೈಬಣ್ಣಕ್ಕೆ ಆ ದಿನಗಳಲ್ಲಿ ಒದಗುವುದು ಅಪರೂಪವಾಗಿತ್ತು. ಸೀಸೆಯಿಂದ ದೈತ್ಯನನ್ನು ಬಿಡಿಸಿದವನು ತಾನೇ ಒಂದು ಸೀಸೆಯೊಳಗೆ ಸೇರಿಹೋದಂತಾಗಿತ್ತು.

ಅದರಿಂದ ಅವನನ್ನು ಹೊರತಂದದ್ದು ಯುದ್ಧ. ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ಕಾನೂನಿನ ಮೂಲಕ ತೆರೆದದ್ದು 1946ರಲ್ಲಿ. ಸಾಬುಗೆ ಅದು 1944ರಲ್ಲೇ ದೊರೆಯಿತು. ಅಮೆರಿಕದ ವಾಯುಪಡೆಯಲ್ಲಿ ಬಿ-24 ಲಿಬರೇಟರ್ ಬಾಂಬರ್ ವಿಮಾನದ ಬಂದೂಕುಗಾರನಾಗಿ ಅವನು ಪೆಸಿಫಿಕ್ ಸಾಗರದ ಮೇಲೆ ಹತ್ತಾರು ದಾಳಿಗಳಲ್ಲಿ ಪಾಲ್ಗೊಂಡ. ವಿಮಾನದ ಬಾಲದ ಕಡೆಯ ಇಕ್ಕಟ್ಟಾದ ಗೂಡಿನಲ್ಲಿ ಕುಳಿತು ಶತ್ರು ವಿಮಾನಗಳಿಗಾಗಿ ಕಾಯುವ ಕೆಲಸವದು. ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಂದಿತು. ಮಾಯಾಕಂಬಳಿಯ ಮೇಲೆ ಹಾರಿದ ನಟ ನಿಜದ ಆಕಾಶದಲ್ಲಿ ನಿಜದ ಗುಂಡುಗಳ ನಡುವೆಯೂ ಹಾರಿ ಬಂದ.

ಇಳಿಗಾಲ

ಯುದ್ಧ ಮುಗಿದು ಮರಳುವಷ್ಟರಲ್ಲಿ ಪ್ರೇಕ್ಷಕರ ರುಚಿ ಬದಲಾಗಿತ್ತು. 1947ರಲ್ಲಿ ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿಯ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಸುಗಂಧ ಪೂಸಿಕೊಂಡ ಯುವ ರಾಜಕುಮಾರನಾಗಿ ಸಾಬು ಮಿಂಚಿದ. ಅದು ಅವನ ಕೊನೆಯ ದೊಡ್ಡ ಚಿತ್ರ. 1948ರಲ್ಲಿ ನಟಿ ಮೆರಿಲಿನ್ ಕೂಪರ್‌ಳನ್ನು ಮದುವೆಯಾದ, ಇಬ್ಬರು ಮಕ್ಕಳಾದರು. 1950ರ ದಶಕದಲ್ಲಿ ಯುರೋಪಿನ ಸಣ್ಣಪುಟ್ಟ ಚಿತ್ರಗಳು, ಇಂಗ್ಲೆಂಡಿನ ಸರ್ಕಸ್ಸಿನಲ್ಲಿ ಆನೆಗಳ ಪ್ರದರ್ಶನ, ಅಣ್ಣನೊಡನೆ ಪೀಠೋಪಕರಣಗಳ ವ್ಯಾಪಾರ, ಜಮೀನು ವಹಿವಾಟು. ಕಾರಾಪುರದಿಂದ ಹೊರಟು ಅರ್ಧ ಭೂಗೋಳ ಸುತ್ತಿದವನು ಹೊಟ್ಟೆಪಾಡಿಗಾಗಿ ಮತ್ತೆ ಆನೆಯ ಬಳಿಗೇ ಹೋದದ್ದು ಬದುಕಿನ ವಿಚಿತ್ರ.

ಭಾರತೀಯ ಚಿತ್ರರಂಗ ಅವನನ್ನು ಒಮ್ಮೆ ಕರೆಯಲು ಕೈಚಾಚಿತ್ತು. ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಬಯಸಿದ್ದರು. ಅದು ಕೈಗೂಡಲಿಲ್ಲ. 1957ರಲ್ಲಿ ತೆರೆಕಂಡ ಚಿತ್ರದಲ್ಲಿ ಸುನಿಲ್ ದತ್ ಆ ಪಾತ್ರದಿಂದ ಮನೆಮಾತಾದರು. ಜಗತ್ತಿನಾದ್ಯಂತ ಭಾರತೀಯ ಹುಡುಗನೆಂದೇ ಪ್ರಸಿದ್ಧನಾದ ಸಾಬು ಒಂದೇ ಒಂದು ಭಾರತೀಯ ಚಿತ್ರದಲ್ಲೂ ಕಾಣಿಸಿಕೊಳ್ಳಲಿಲ್ಲ.

1960ರಲ್ಲಿ ಹಾಲಿವುಡ್‌ನ ಕೀರ್ತಿಪಥದಲ್ಲಿ ಅವನ ಹೆಸರಿನ ನಕ್ಷತ್ರ ಮೂಡಿತು. ಅದೇ ವರ್ಷ ಅಣ್ಣ ದರೋಡೆಯೊಂದರಲ್ಲಿ ಕೊಲೆಯಾದ. ಕಾರಾಪುರದ ಬಾಲ್ಯಕ್ಕೆ ಸಾಕ್ಷಿಯಾಗಿ ಉಳಿದಿದ್ದ ಒಂದೇ ಜೀವ ಅದು. 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಸಾಬುವೂ ಇಲ್ಲವಾದ. ವಯಸ್ಸು ಮೂವತ್ತೊಂಬತ್ತು. ಅವನ ಕೊನೆಯ ಚಿತ್ರ, ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್', ಮರುವರ್ಷ ಬಿಡುಗಡೆಯಾಯಿತು.

ಇತ್ತ ಹುಟ್ಟೂರಿನ ಚಿತ್ರವೂ ಬದಲಾಯಿತು. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕಬಿನಿ ಅಣೆಕಟ್ಟೆಯ ಹಿನ್ನೀರು ಹಳೆಯ ಕಾಡಿನ ಬಹುಭಾಗವನ್ನು ಮುಳುಗಿಸಿತು. ಬೇಸಿಗೆಯಲ್ಲಿ ನೀರು ಇಳಿದಾಗ ಇಂದಿಗೂ ಆನೆಗಳ ಹಿಂಡುಗಳು ಅದೇ ಬಯಲಿಗೆ ಬರುತ್ತವೆ. ಅವನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಲ್ಲೊಬ್ಬ ಹುಡುಗ ಹುಟ್ಟಿದ್ದನೆಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತು?

ಅಳಿಯದ ಮೋಹ

ಚಿತ್ರ ಮಾತ್ರ ಬದುಕಿದೆ. ಮಾರ್ಟಿನ್ ಸ್ಕೋರ್ಸೆಸಿ, ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರಂತಹ ನಿರ್ದೇಶಕರು ಬಾಲ್ಯದಲ್ಲಿ ಇದರ ಮೋಡಿಗೆ ಒಳಗಾದವರು. ಚಿತ್ರದ ಡಿವಿಡಿ ಆವೃತ್ತಿಗೆ ಇಬ್ಬರೂ ತಮ್ಮ ವ್ಯಾಖ್ಯಾನವನ್ನು ಧ್ವನಿಮುದ್ರಿಸಿಕೊಟ್ಟಿದ್ದಾರೆ. 1992ರ ಡಿಸ್ನಿಯ 'ಅಲ್ಲಾದ್ದೀನ್' ನೋಡಿದ ನಮ್ಮ ಮಕ್ಕಳಿಗೂ ಸಾಬು ಪರೋಕ್ಷವಾಗಿ ಪರಿಚಿತ. ಅಲ್ಲಿಯ ಖಳನ ಹೆಸರು ಜಾಫರ್. ಅಲ್ಲಾದ್ದೀನನ ತುಂಟ ಕೋತಿಯ ಹೆಸರು ಅಬು. ಕಾರಾಪುರದ ಹುಡುಗನ ಪಾತ್ರದ ಹೆಸರು ಕೊನೆಗೆ ಕೋತಿಯೊಂದಕ್ಕೆ ಉಳಿದದ್ದನ್ನು ಗೌರವವೆನ್ನಬೇಕೋ ಅಲ್ಲವೋ ಓದುಗರೇ ನಿರ್ಧರಿಸಬೇಕು.

ಹಳೆಯ ದೈತ್ಯನೊಬ್ಬ ಹೊಸ ಕಾಲದಲ್ಲೂ ಏಕೆ ಹಿಡಿಸುತ್ತಾನೆ? ಕರಾವಳಿಯವರಿಗೆ ಉತ್ತರ ದೂರವಿಲ್ಲ. ಯಕ್ಷಗಾನದ ನಡುರಾತ್ರಿ ಬಣ್ಣದ ವೇಷ ಬರುವ ಹೊತ್ತಿಗೆ ಚಾಪೆಯ ಮೇಲೆ ಮಲಗಿದ್ದ ಮಕ್ಕಳು ಎದ್ದು ಕೂರುತ್ತಾರೆ. ತೆರೆಯ ಹಿಂದಿನಿಂದ ಅಟ್ಟಹಾಸ, ಚೆಂಡೆಯ ಅಬ್ಬರ, ದೊಂದಿಯ ಬೆಂಕಿಗೆ ಎರಚಿದ ರಾಳದ ಜ್ವಾಲೆ. ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಆದರೆ ಕಣ್ಣು ಮುಚ್ಚುವುದಿಲ್ಲ. ಆ ರಾಕ್ಷಸ ಪಕ್ಕದೂರಿನ ಕಲಾವಿದನೆಂದು ತಿಳಿದ ಮೇಲೂ ಭಯ ಹೋಗುವುದಿಲ್ಲ. ಹೆದರಿಕೆ ಮತ್ತು ಅಕ್ಕರೆ ಒಂದೇ ಎದೆಯಲ್ಲಿ ಕೂಡಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನೊಂದು ಕಾರಣವೂ ಇದೆ. ಆ ಕಾಲದ ತೆರೆಯ ಮಹಾಜೀವಿಗಳಿಗೆ ಬಹುತೇಕ ಸಾವೇ ಗತಿ. 1931ರ ಫ್ರಾಂಕನ್‌ಸ್ಟೈನನ ಸೃಷ್ಟಿಯನ್ನು ಊರವರು ಗಾಳಿಯಂತ್ರದ ಗೋಪುರದಲ್ಲಿ ಸುಡುತ್ತಾರೆ. 1933ರ ಕಿಂಗ್ ಕಾಂಗ್ ನ್ಯೂಯಾರ್ಕಿನ ಕಟ್ಟಡದ ತುದಿಯಿಂದ ಉರುಳುತ್ತದೆ. ಬಾಗ್ದಾದಿನ ದೈತ್ಯನನ್ನು ಯಾರೂ ಕೊಲ್ಲುವುದಿಲ್ಲ. ಅವನೊಡನೆ ಮಾತು ನಡೆಯುತ್ತದೆ, ಕರಾರು ಆಗುತ್ತದೆ, ಕೊಟ್ಟ ಮಾತನ್ನು ಅವನು ಪೂರೈಸುತ್ತಾನೆ. ಮೂರನೆಯ ವರ ಮುಗಿದೊಡನೆ ತಾನಿನ್ನು ಸ್ವತಂತ್ರನೆಂದು ನಗುತ್ತ ಆಕಾಶಕ್ಕೆ ಹಾರಿಹೋಗುತ್ತಾನೆ. ಜನಾಂಗಭೇದ ಕಾನೂನಾಗಿದ್ದ ಕಾಲದ ಅಮೆರಿಕದ ಕರಿಯ ನಟನೊಬ್ಬ, ಪರಾಧೀನ ಭಾರತದ ಹುಡುಗನೊಬ್ಬನ ಕಣ್ಣೆದುರು, ಬಿಡುಗಡೆಯ ಆ ನಗುವನ್ನು ನಕ್ಕ. ಅದನ್ನು ಬರೆದವರಿಗೆ ಈ ಅರ್ಥ ಹೊಳೆದಿತ್ತೋ ಇಲ್ಲವೋ, ನೋಡುವವರಿಗೆ ಇಂದು ಹೊಳೆಯದೆ ಇರದು.

ಚಿತ್ರದ ಕೊನೆಯಲ್ಲಿ ಅಬುವಿಗೂ ಪಟ್ಟ, ಪಾಠ, ಅರಮನೆ ಎಲ್ಲವೂ ಕಾದಿರುತ್ತವೆ. ಅವನು ಅವೆಲ್ಲವನ್ನೂ ಬಿಟ್ಟು ಕಂಬಳಿಯೇರಿ ಹಾರಿಬಿಡುತ್ತಾನೆ. ಸಾಬುವಿಗೆ ಅಂತಹ ಕಂಬಳಿ ಸಿಗಲಿಲ್ಲ. ಅವನ ಸಮಾಧಿ ಹಾಲಿವುಡ್ ಬೆಟ್ಟದ ಫಾರೆಸ್ಟ್ ಲಾನ್ ರುದ್ರಭೂಮಿಯಲ್ಲಿದೆ.

ಸಂಜೆ ಬೆಂಗ್ರೆಯ ಮರಳಿನಲ್ಲಿ ಮಕ್ಕಳು ಆಡುತ್ತಾರೆ. ಕಡಲು ತಂದೊಗೆದ ಸೀಸೆಯನ್ನು ಯಾರೋ ಎತ್ತಿ, ಕಿವಿಗೆ ಹಿಡಿದು, ಒಳಗೇನಿದೆಯೆಂದು ಇಣುಕುತ್ತಾರೆ. ಎದುರಿಗಿರುವುದು ಬಾಗ್ದಾದಿಗೂ ಬಸ್ರಾಕ್ಕೂ ದಾರಿ ತೋರುವ ಅದೇ ಕಡಲು. ಈ ದಡದಿಂದ ಕಾರಾಪುರಕ್ಕೆ ಘಟ್ಟ ಹತ್ತಿದರೆ ಒಂದು ಹಗಲಿನ ದಾರಿ.